ನೋಟಿಸ್ ಬಂದ ಅಂಗಡಿಯ ಲೆಕ್ಕ: ವಹಿವಾಟು ಎಷ್ಟು, ತೆರಿಗೆ ಎಷ್ಟು?

2025ರ ಜುಲೈನ ಒಂದು ಬೆಳಿಗ್ಗೆ ಹನುಮಂತನಗರದ ನಮ್ಮ ಬೀದಿಯ ಕಾಂಡಿಮೆಂಟ್ಸ್ ಅಂಗಡಿಗೆ ಹಾಲು ತರಲು ಹೋದಾಗ, ಗಾಜಿನ ಭರಣಿಯ ಮೇಲೆ ಅಂಟಿಸಿದ್ದ ಕ್ಯೂಆರ್ ಕೋಡ್ ಕಾಣಲಿಲ್ಲ. ಅದರ ಜಾಗದಲ್ಲಿ ಬಿಸ್ಕತ್ತಿನ ರಟ್ಟು ಹರಿದು ಬರೆದ ಫಲಕ: ‘ಯುಪಿಐ ಇಲ್ಲ, ನಗದು ಮಾತ್ರ’. ಆ ದಿನಗಳಲ್ಲಿ ಬೆಂಗಳೂರಿನ ಎಷ್ಟೋ ಬೇಕರಿ, ಹಾಲಿನ ಅಂಗಡಿ, ಟೀ ಅಂಗಡಿಗಳಲ್ಲಿ ಇದೇ ಫಲಕ ನೇತಾಡುತ್ತಿತ್ತು. ವಾಣಿಜ್ಯ ತೆರಿಗೆಗಳ ಇಲಾಖೆಯು 2021-22ರಿಂದ 2024-25ರವರೆಗಿನ ಯುಪಿಐ ಪಾವತಿಗಳ ಮಾಹಿತಿ ತರಿಸಿಕೊಂಡು, ವಾರ್ಷಿಕ ಮಾರಾಟದ ಮಿತಿ ದಾಟಿಯೂ ಜಿಎಸ್‌ಟಿ ನೋಂದಣಿ ಮಾಡಿಸದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತ್ತು.

ಅಂಗಡಿಯ ಯಜಮಾನರು ಹಾಸನದ ಕಡೆಯವರು. ನಾನು ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುವವಳೆಂದು ಅವರಿಗೆ ಗೊತ್ತು. ಗಲ್ಲಾಪೆಟ್ಟಿಗೆಯ ಅಡಿಯಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದು ನನ್ನ ಕೈಗೆ ಕೊಟ್ಟು, “ಮೇಡಂ, ಇದರಲ್ಲಿ ಬರೆದಿರುವಷ್ಟು ದುಡ್ಡು ಈ ಅಂಗಡಿ ಮಾರಿದರೂ ಹುಟ್ಟುವುದಿಲ್ಲ” ಎಂದರು.

ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವರ್ತಕರ ಸಂಘಟನೆಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಹೇಳಿದರು. 25ಕ್ಕೆ ಕರೆ ಕೊಟ್ಟಿದ್ದ ಬಂದ್ ನಿಂತಿತು. ಗಲಾಟೆ ತಣ್ಣಗಾಯಿತು, ಗೊಂದಲ ಮಾತ್ರ ಹಾಗೆಯೇ ಉಳಿಯಿತು. ಇಂದಿಗೂ ನನ್ನ ಬಳಿ ಬರುವವರಲ್ಲಿ ಅರ್ಧ ಜನ ‘ಯುಪಿಐಗೆ ತೆರಿಗೆ ಇದೆಯಂತೆ’ ಎಂದೇ ಮಾತು ಶುರು ಮಾಡುತ್ತಾರೆ. ಯುಪಿಐಗೆ ತೆರಿಗೆ ಇಲ್ಲ. ತೆರಿಗೆ ಇರುವುದು ಮಾರಾಟಕ್ಕೆ. ಹಣ ನೋಟಿನಲ್ಲಿ ಬಂದರೂ ಮೊಬೈಲಿನಲ್ಲಿ ಬಂದರೂ ಮಾರಾಟ ಮಾರಾಟವೇ. ಕ್ಯೂಆರ್ ಕಿತ್ತು ಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಕಾನೂನಿನ ಹೊಣೆ ಇದ್ದಲ್ಲಿಯೇ ಇರುತ್ತದೆ.

ಆ ದಿನ ನಾವಿಬ್ಬರೂ ಕೂತು ಮಾಡಿದ ಲೆಕ್ಕವನ್ನೇ ಇಲ್ಲಿ ಬಿಡಿಸಿಡುತ್ತೇನೆ. ಅನುಕೂಲಕ್ಕೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ, ತೆರಿಗೆಯ ದರಗಳನ್ನು ಆಮೇಲೆ ಬದಲಾದಂತೆ ಹಾಕಿದ್ದೇನೆ, ದಾರಿ ಅದೇ.

ಮೊದಲು ಬೇರ್ಪಡಿಸಬೇಕಾದದ್ದು ಮೂರು ಮೊತ್ತಗಳನ್ನು: ಖಾತೆಗೆ ಬಂದ ಹಣ, ಅಂಗಡಿಯ ವಹಿವಾಟು ಅಂದರೆ ಒಟ್ಟು ಮಾರಾಟ, ಮನೆಗೆ ಉಳಿದ ಲಾಭ. ಖಾತೆಗೆ ಬಂದದ್ದೆಲ್ಲ ವಹಿವಾಟಲ್ಲ, ವಹಿವಾಟೆಲ್ಲ ಲಾಭವಲ್ಲ. ಜಿಎಸ್‌ಟಿ ನೋಡುವುದು ವಹಿವಾಟನ್ನು, ಆದಾಯ ತೆರಿಗೆ ನೋಡುವುದು ಲಾಭವನ್ನು. ಇವರ ನೋಟಿಸಿನಲ್ಲಿ ಒಂದು ವರ್ಷಕ್ಕೆ 55.7 ಲಕ್ಷ ರೂಪಾಯಿ ಯುಪಿಐ ಜಮೆ ಎಂದಿತ್ತು. ಬ್ಯಾಂಕಿನ ವಿವರಪಟ್ಟಿ ತೆಗೆದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆವು. ಊರಿನ ಚೀಟಿ ಎತ್ತಿದ 3 ಲಕ್ಷ ಅದರಲ್ಲಿತ್ತು. ಮಗ ತಿಂಗಳು ತಿಂಗಳು ಕಳುಹಿಸಿದ 15,000 ವರ್ಷಕ್ಕೆ 1.8 ಲಕ್ಷವಾಗಿತ್ತು. ಭಾವಮೈದ ಹಿಂದಿರುಗಿಸಿದ ಕೈಸಾಲ 50,000 ಇತ್ತು. ಒಟ್ಟು 5.3 ಲಕ್ಷ. ಇದ್ಯಾವುದೂ ಮಾರಾಟವಲ್ಲ. ಅಂಗಡಿಯ ಕ್ಯೂಆರ್ ಮನೆಯ ಉಳಿತಾಯ ಖಾತೆಗೆ ಜೋಡಣೆಯಾಗಿದ್ದರಿಂದ ಎಲ್ಲವೂ ಒಂದೇ ಗಂಗಾಳಕ್ಕೆ ಬಿದ್ದಿತ್ತು. ಅದನ್ನು ಕಳೆದರೆ ನಿಜವಾದ ಯುಪಿಐ ಮಾರಾಟ 50.4 ಲಕ್ಷ, ಅಂದರೆ ದಿನಕ್ಕೆ 14,000.

ಇಲ್ಲಿಯವರೆಗೆ ಅವರ ಮುಖ ಅರಳಿತ್ತು. ಮುಂದಿನ ಮಾತು ಕಹಿ. ದಿನಕ್ಕೆ ಸುಮಾರು 4,000 ನಗದು ವ್ಯಾಪಾರವೂ ಇತ್ತು, ವರ್ಷಕ್ಕೆ 14.4 ಲಕ್ಷ. ಅದನ್ನು ಸೇರಿಸದೆ ವಹಿವಾಟು ಪೂರ್ಣವಾಗುವುದಿಲ್ಲ. ತಿಂಗಳ ಕೊನೆಗೆ ಕೊಡುತ್ತೇನೆಂದು ಗಿರಾಕಿ ಖಾತೆ ಬರೆಸಿ ಒಯ್ದ ಸಾಮಾನೂ ಮಾರಾಟವೇ. ಹೀಗೆ ಒಟ್ಟು ವಹಿವಾಟು 64.8 ಲಕ್ಷಕ್ಕೆ ಬಂದು ನಿಂತಿತು.

ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ. ಸೇವೆ ಕೊಡುವವರಿಗೆ 20 ಲಕ್ಷ. ‘ಮಾತ್ರ’ ಎಂಬ ಪದವನ್ನು ದಯವಿಟ್ಟು ಎರಡು ಸಲ ಓದಿ. ಅಂಗಡಿಯ ಮೂಲೆಯಲ್ಲಿ ಒಲೆಯಿಟ್ಟು ಟೀ ಮಾಡಿಕೊಟ್ಟರೆ ಅದು ಹೋಟೆಲಿನಂತೆ ಸೇವೆ. ಆಗ ಆ ಅಂಗಡಿ ಸರಕು ಮಾತ್ರ ಮಾರುವ ಅಂಗಡಿಯಾಗಿ ಉಳಿಯುವುದಿಲ್ಲ, ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. 25 ಲಕ್ಷ ವಹಿವಾಟಿನ ಬೇಕರಿಗಳು ‘ನಮಗೇಕೆ ಬಂತು’ ಎಂದು ಕಂಗಾಲಾಗಲು ಎಷ್ಟೋ ಕಡೆ ಇದೇ ಕಾರಣ. ಒಂದು ಪ್ಯಾನ್ ಸಂಖ್ಯೆಯ ಹೆಸರಿನಲ್ಲಿರುವ ಎಲ್ಲ ವ್ಯಾಪಾರವನ್ನೂ ಕೂಡಿಸಿಯೇ ಈ ಲೆಕ್ಕ ಹಾಕುತ್ತಾರೆ. ಬಸವನಗುಡಿಯಲ್ಲೊಂದು, ಕತ್ರಿಗುಪ್ಪೆಯಲ್ಲೊಂದು ಅಂಗಡಿಯಿದ್ದರೆ ಎರಡೂ ಸೇರುತ್ತವೆ. ಅದೇ ಅಂಗಡಿಯ ಮೇಜಿನ ಮೇಲೆ ಹೆಂಡತಿಯ ಹೆಸರಿನ ಇನ್ನೊಂದು ಕ್ಯೂಆರ್ ಇಟ್ಟ ಮಾತ್ರಕ್ಕೆ ವ್ಯಾಪಾರ ಎರಡಾಗುವುದಿಲ್ಲ. ಈ ಉಪಾಯ ಹೇಳಿಕೊಡುವವರು ಪ್ರತಿ ಬೀದಿಯಲ್ಲೂ ಇದ್ದಾರೆ, ನೋಟಿಸ್ ಬಂದ ದಿನ ಅವರ ಮೊಬೈಲ್ ಸ್ವಿಚ್ ಆಫ್ ಆಗಿರುತ್ತದೆ.

“ಹಾಲಿಗೆ ತೆರಿಗೆಯೇ ಇಲ್ಲವಲ್ಲ ಮೇಡಂ?” ಎಂದು ಅವರು ಕೇಳಿದರು. ಒಳ್ಳೆಯ ಪ್ರಶ್ನೆ. ಹಾಲು, ತಾಜಾ ತರಕಾರಿ, ಹಣ್ಣು, ಬ್ರೆಡ್ಡು ಇವುಗಳಿಗೆ ಜಿಎಸ್‌ಟಿ ಇಲ್ಲ. ಇಂಥ ತೆರಿಗೆಮುಕ್ತ ಸರಕನ್ನಷ್ಟೇ ಮಾರುವವರು ಕೋಟಿ ರೂಪಾಯಿ ವಹಿವಾಟು ಮಾಡಿದರೂ ನೋಂದಣಿ ಬೇಕಿಲ್ಲ. ಸೊಪ್ಪು ಮಾರುವ ಅಮ್ಮ, ತರಕಾರಿಯ ತಳ್ಳುಗಾಡಿಯವರು ನಿಶ್ಚಿಂತೆಯಿಂದ ಇರಬಹುದು. ನೋಟಿಸ್ ಬಂದರೂ ‘ನಾನು ಮಾರುವುದು ತಾಜಾ ತರಕಾರಿ’ ಎಂದು ಉತ್ತರ ಕೊಟ್ಟು, ಮಾರುಕಟ್ಟೆಯ ಖರೀದಿ ಚೀಟಿ ಲಗತ್ತಿಸಿದರೆ ಸಾಕು. ಆದರೆ ಹಾಲಿನ ಜೊತೆಗೆ ಒಂದು ಪೊಟ್ಟಣ ಬಿಸ್ಕತ್ತನ್ನೂ ಮಾರುವವರ ವಿಷಯ ಬೇರೆ. ಅವರ ಮಿತಿಯ ಲೆಕ್ಕಕ್ಕೆ ಹಾಲೂ ಸೇರುತ್ತದೆ, ತೆರಿಗೆಯ ಲೆಕ್ಕಕ್ಕೆ ಮಾತ್ರ ಸೇರುವುದಿಲ್ಲ. ಇವರ ಅಂಗಡಿಯಲ್ಲಿ ಹಾಲು, ಬಾಳೆಹಣ್ಣು, ಬ್ರೆಡ್ಡಿನ ಮಾರಾಟ ದಿನಕ್ಕೆ 5,000, ವರ್ಷಕ್ಕೆ 18 ಲಕ್ಷ. ಅದನ್ನು ಕಳೆದರೆ ತೆರಿಗೆಗೆ ಒಳಪಡುವ ಮಾರಾಟ 46.8 ಲಕ್ಷ.

ಈ ಬೇರ್ಪಡಿಕೆಗೆ ಪುರಾವೆ ಏನು? ಇಲ್ಲಿಯೇ ಹೆಚ್ಚಿನವರು ಸೋಲುವುದು. ಇವರ ಅದೃಷ್ಟಕ್ಕೆ, ಹಾಲಿನ ಸರಬರಾಜಿನ ದಿನದ ಚೀಟಿಗಳನ್ನು ಅವರ ಮನೆಯವರು ದಾರಕ್ಕೆ ಪೋಣಿಸಿ ಮೊಳೆಗೆ ನೇತುಹಾಕುತ್ತಿದ್ದರು. ಧೂಳು ಹಿಡಿದ ಆ ಚೀಟಿಗಳ ಮಾಲೆ ಹದಿನೆಂಟು ಲಕ್ಷ ರೂಪಾಯಿಯನ್ನು ತೆರಿಗೆಯ ಪಟ್ಟಿಯಿಂದ ಹೊರಗೆ ತಂದಿತು. ಬಿಸ್ಕತ್ತು, ಸೋಪಿನ ಖರೀದಿಗೆ ಮಾತ್ರ ಅರ್ಧದಷ್ಟು ಬಿಲ್ಲೇ ಇರಲಿಲ್ಲ. ‘ಬಿಲ್ ಬೇಡವೆಂದರೆ ಎರಡು ರೂಪಾಯಿ ಕಡಿಮೆ’ ಎಂದು ಸಗಟು ಅಂಗಡಿಯವರು ಹೇಳಿದಾಗ ಆ ಎರಡು ರೂಪಾಯಿ ಲಾಭದಂತೆ ಕಾಣುತ್ತದೆ. ಬಿಲ್ ಇಲ್ಲದ ಖರೀದಿಗೆ ನಾಳೆ ಯಾವ ಸಾಕ್ಷಿಯೂ ಇರುವುದಿಲ್ಲ.

ಇನ್ನು ನೋಂದಣಿ. ಇದಕ್ಕೆ ಸರ್ಕಾರಿ ಶುಲ್ಕ ಒಂದು ರೂಪಾಯಿಯೂ ಇಲ್ಲ, ಹೊಣೆ ಹುಟ್ಟಿದ 30 ದಿನಗಳೊಳಗೆ ಅರ್ಜಿ ಹಾಕಬೇಕು. ನಿಜವಾದ ಪ್ರಶ್ನೆ ಯಾವ ಪದ್ಧತಿಗೆ ಸೇರಬೇಕು ಎಂಬುದು. ವಹಿವಾಟು ವರ್ಷಕ್ಕೆ 1.5 ಕೋಟಿಯೊಳಗಿರುವವರಿಗೆ ಕಾಂಪೋಸಿಷನ್ ಎಂಬ ರಾಜಿ ತೆರಿಗೆ ಪದ್ಧತಿ ಇದೆ. ಸಾಮಾನು ಕೊಂಡು ಮಾರುವವರು ತೆರಿಗೆಗೆ ಒಳಪಡುವ ಮಾರಾಟದ ಶೇ. 1ರಷ್ಟು, ಮದ್ಯ ಮಾರದ ಹೋಟೆಲಿನವರು ಶೇ. 5ರಷ್ಟು ಕಟ್ಟಿದರೆ ಮುಗಿಯಿತು. 50 ಲಕ್ಷದೊಳಗಿನ ಸೇವಾದಾರರಿಗೆ ಶೇ. 6. ಮೂರು ತಿಂಗಳಿಗೊಮ್ಮೆ ಒಂದು ವಿವರಪಟ್ಟಿ, ವರ್ಷಕ್ಕೊಂದು ರಿಟರ್ನ್. ಪ್ರತಿಯಾಗಿ ಕೆಲವು ಕಟ್ಟುಪಾಡುಗಳಿವೆ: ಗಿರಾಕಿಯಿಂದ ಜಿಎಸ್‌ಟಿ ಎಂದು ಪ್ರತ್ಯೇಕವಾಗಿ ಪಡೆಯುವಂತಿಲ್ಲ, ಹೊರ ರಾಜ್ಯಕ್ಕೆ ಮಾರುವಂತಿಲ್ಲ, ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ವಜಾ ಮಾಡಿಕೊಳ್ಳುವಂತಿಲ್ಲ, ರಾಜಿ ತೆರಿಗೆದಾರರೆಂದು ಅಂಗಡಿಯ ಫಲಕದಲ್ಲಿ ಬರೆದಿರಬೇಕು.

ಒಂದು ಬಿಸ್ಕತ್ತಿನ ಪೆಟ್ಟಿಗೆಯನ್ನು ಎದುರಿಗಿಟ್ಟುಕೊಂಡು ಎರಡೂ ಪದ್ಧತಿಯನ್ನು ತೂಗಿ ನೋಡೋಣ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿದಿದೆ. ಪೆಟ್ಟಿಗೆಯ ಬೆಲೆ 100, ತೆರಿಗೆ 5, ಕೊಂಡದ್ದು 105ಕ್ಕೆ. ಮಾರುವುದು 115 ರೂಪಾಯಿ 50 ಪೈಸೆಗೆ, ಅದರಲ್ಲಿ 110 ಬೆಲೆ, 5.50 ತೆರಿಗೆ. ಸಾಮಾನ್ಯ ಪದ್ಧತಿಯಲ್ಲಿ ಪಡೆದ 5.50ರಲ್ಲಿ ಮೊದಲೇ ಕೊಟ್ಟ 5 ರೂಪಾಯಿಯನ್ನು ವಜಾ ಮಾಡಿ 50 ಪೈಸೆ ಕಟ್ಟಿದರಾಯಿತು, ಕೈಯಲ್ಲಿ 10 ರೂಪಾಯಿ ಉಳಿಯುತ್ತದೆ. ರಾಜಿ ಪದ್ಧತಿಯಲ್ಲಿ 115.50ರ ಶೇ. 1, ಅಂದರೆ ಸುಮಾರು 1.15 ಕಟ್ಟಬೇಕು, ಉಳಿಯುವುದು 9.35. ಇಷ್ಟೇ ನೋಡಿದರೆ ಸಾಮಾನ್ಯ ಪದ್ಧತಿಯೇ ಅಗ್ಗ. ‘ಶೇ. 1 ತಾನೇ’ ಎಂದು ಹಗುರವಾಗಿ ಹೇಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ನೂರಕ್ಕೆ ಎಂಟೋ ಹತ್ತೋ ಉಳಿಸುವ ವ್ಯಾಪಾರಿಗೆ ಅದು ದುಡಿಮೆಯ ಹತ್ತನೆಯ ಒಂದು ಪಾಲು.

ಆದರೆ ಬೆಂಗಳೂರಿನ ಅಂಗಡಿಗೆ ಬಾಡಿಗೆ ಎಂಬುದೊಂದಿದೆ. ಜಿಎಸ್‌ಟಿ ನೋಂದಣಿ ಇಲ್ಲದ ಕಟ್ಟಡ ಮಾಲೀಕರಿಂದ ಅಂಗಡಿ ಬಾಡಿಗೆಗೆ ಪಡೆದ ನೋಂದಾಯಿತ ವ್ಯಾಪಾರಿ, 2024ರ ಅಕ್ಟೋಬರ್ 10ರಿಂದ, ಆ ಬಾಡಿಗೆಯ ಮೇಲಿನ ಶೇ. 18 ತೆರಿಗೆಯನ್ನು ಮಾಲೀಕರ ಬದಲು ತಾನೇ ಕಟ್ಟಬೇಕು. ರಾಜಿ ತೆರಿಗೆದಾರರಿಗೆ ಇದರಿಂದ ವಿನಾಯಿತಿ ಇದೆ. ಇವರ ಬಾಡಿಗೆ ತಿಂಗಳಿಗೆ 25,000. ಸಾಮಾನ್ಯ ಪದ್ಧತಿಗೆ ಸೇರಿದರೆ ಬಾಡಿಗೆಯ ತೆರಿಗೆ ತಿಂಗಳಿಗೆ 4,500, ವರ್ಷಕ್ಕೆ 54,000. ಇದನ್ನು ಮೊದಲು ನಗದಾಗಿ ಕಟ್ಟಿ, ಆಮೇಲೆ ಮಾರಾಟದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಆದರೆ 46.8 ಲಕ್ಷದ ಮಾರಾಟವೆಲ್ಲ ಬಿಸ್ಕತ್ತಿನ ಲೆಕ್ಕದಂತೆಯೇ ನಡೆದರೂ ವರ್ಷಕ್ಕೆ ಕಟ್ಟಬೇಕಾದ ತೆರಿಗೆ ಸುಮಾರು 20,000 ಮಾತ್ರ, ವಜಾ ಆಗುವುದೂ ಅಷ್ಟೇ. ಉಳಿದ ಹಣ ಜಿಎಸ್‌ಟಿ ಖಾತೆಯಲ್ಲಿ ಕೊಳೆಯುತ್ತದೆ, ತೆರಿಗೆಯಿಲ್ಲದ ಹಾಲಿನ ಪಾಲಿಗೆ ಬರುವ ಭಾಗವಂತೂ ಸಿಗುವುದೇ ಇಲ್ಲ. ರಾಜಿ ಪದ್ಧತಿಯಲ್ಲಿ ಒಟ್ಟು 46,800, ದಿನಕ್ಕೆ 130 ರೂಪಾಯಿ. ಇವರಿಗೆ ರಾಜಿಯೇ ಸರಿಯೆಂದು ತೀರ್ಮಾನಿಸಿದೆವು. ಸ್ವಂತ ಕಟ್ಟಡದಲ್ಲಿ ಅಂಗಡಿ ಇಟ್ಟವರಿಗೆ, ಬೇರೆ ಅಂಗಡಿಗಳಿಗೆ ಸಗಟಾಗಿ ಮಾರುವವರಿಗೆ ಇದೇ ಲೆಕ್ಕ ತಿರುಗಿ ಬೀಳಬಹುದು. ಪಕ್ಕದ ಅಂಗಡಿಯವರು ಯಾವುದಕ್ಕೆ ಸೇರಿದರು ಎಂದು ನೋಡಿ ಸೇರಬೇಡಿ.

ಆದಾಯ ತೆರಿಗೆಯ ಹೆಸರು ಕೇಳಿದರೆ ಸಣ್ಣ ವ್ಯಾಪಾರಿಗಳು ಇನ್ನೂ ಹೆಚ್ಚು ಹೆದರುತ್ತಾರೆ. ಅಷ್ಟು ಹೆದರಿಕೆ ಬೇಕಿಲ್ಲ. 1961ರ ಕಾಯ್ದೆಯ 44ಎಡಿ ಕಲಮಿನಡಿ, 2 ಕೋಟಿಯೊಳಗಿನ ವಹಿವಾಟಿನ ವ್ಯಾಪಾರಿ ಪೂರ್ಣ ಜಮಾಖರ್ಚಿನ ಪುಸ್ತಕಗಳಿಲ್ಲದೆಯೇ ಅಂದಾಜು ಲಾಭ ತೋರಿಸಬಹುದು. ನಗದು ಮಾರಾಟದ ಶೇ. 8, ಬ್ಯಾಂಕು ಅಥವಾ ಯುಪಿಐ ಮೂಲಕ ಬಂದದ್ದರ ಶೇ. 6. ಅಂದರೆ ಕ್ಯೂಆರ್ ಕಿತ್ತು ನಗದಿಗೆ ಮರಳಿದವರು ಆದಾಯ ತೆರಿಗೆಯಲ್ಲಿ ಹೆಚ್ಚು ಲಾಭ ತೋರಿಸಬೇಕಾಗುತ್ತದೆ! ನಮ್ಮ ಯಜಮಾನರ ಲೆಕ್ಕ ನೋಡಿ: 50.4 ಲಕ್ಷದ ಶೇ. 6 ಎಂದರೆ 3,02,400. ನಗದಿನ 14.4 ಲಕ್ಷದ ಶೇ. 8 ಎಂದರೆ 1,15,200. ಕೂಡಿದರೆ 4,17,600. 2025-26ರ ಆದಾಯಕ್ಕೆ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ, 12 ಲಕ್ಷದವರೆಗಿನ ಆದಾಯಕ್ಕೆ ಬರುವ ತೆರಿಗೆಯನ್ನು ರಿಯಾಯಿತಿಯಾಗಿ ಬಿಡುತ್ತಾರೆ. ಕಟ್ಟಬೇಕಾದದ್ದು ಸೊನ್ನೆ. ಹಾಗೆಂದು ರಿಟರ್ನ್ ಸಲ್ಲಿಸದೆ ಕೂರುವಂತಿಲ್ಲ. ವ್ಯಾಪಾರದ ವಹಿವಾಟು 60 ಲಕ್ಷ ದಾಟಿದರೆ ಆದಾಯ ಎಷ್ಟೇ ಇರಲಿ, ರಿಟರ್ನ್ ಕಡ್ಡಾಯ. ನಿಜವಾದ ಲಾಭ ಶೇ. 6ಕ್ಕಿಂತ ಹೆಚ್ಚಿದೆಯೆಂದು ನಿಮಗೆ ಗೊತ್ತಿದ್ದರೆ ಆ ಹೆಚ್ಚಿನದನ್ನೇ ತೋರಿಸಬೇಕು. ತೆರಿಗೆ ಕಟ್ಟಬೇಕಾಗಿ ಬಂದರೆ ಮುಂಗಡ ತೆರಿಗೆಯನ್ನು ಒಂದೇ ಕಂತಿನಲ್ಲಿ ಮಾರ್ಚ್ 15ರೊಳಗೆ ಕಟ್ಟಿದರಾಯಿತು.

ವೈದ್ಯರು, ವಕೀಲರು, ಎಂಜಿನಿಯರುಗಳು, ಸ್ವತಂತ್ರವಾಗಿ ಸಾಫ್ಟ್‌ವೇರ್ ಕೆಲಸ ಮಾಡುವವರು 44ಎಡಿಎ ಕಲಮಿನಡಿ ಬರುತ್ತಾರೆ. ಇವರಿಗೆ ಗಳಿಕೆಯ ಅರ್ಧವನ್ನು ಲಾಭವೆಂದು ತೋರಿಸುವ ಅವಕಾಶ, ಮಿತಿ 50 ಲಕ್ಷ. ದಲ್ಲಾಳಿ ಅಥವಾ ಕಮಿಷನ್ ವ್ಯವಹಾರಕ್ಕೆ ಈ ಅಂದಾಜು ಪದ್ಧತಿ ಇಲ್ಲ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿರುವುದರಿಂದ ಕಲಮುಗಳ ಸಂಖ್ಯೆ ಬದಲಾಗಿದೆ, ಆದಾಯ ಗಳಿಸಿದ ವರ್ಷ, ಅದಕ್ಕೆ ತೆರಿಗೆ ಲೆಕ್ಕ ಹಾಕುವ ವರ್ಷ ಎಂಬ ಎರಡು ಬಗೆಯ ವರ್ಷಗಳ ಗೊಂದಲ ಹೋಗಿ ‘ತೆರಿಗೆ ವರ್ಷ’ ಎಂಬ ಒಂದೇ ಮಾತು ಬಂದಿದೆ. ಅಂದಾಜು ಲಾಭದ ವ್ಯವಸ್ಥೆ ಮುಂದುವರಿದಿದೆ.

ಸಂಬಳದಾರರಿಗೂ ಒಂದು ಮಾತು ಹೇಳಬೇಕು. ಈ ಊರಿನಲ್ಲಿ ವರ್ಷದ ನಡುವೆ ಕೆಲಸ ಬದಲಿಸುವವರಿಗೆ ಲೆಕ್ಕವಿಲ್ಲ. ಮೊದಲ ಆರು ತಿಂಗಳು ಒಂದು ಕಂಪನಿಯಿಂದ 6.5 ಲಕ್ಷ, ಉಳಿದ ಆರು ತಿಂಗಳು ಇನ್ನೊಂದರಿಂದ 8 ಲಕ್ಷ ಸಂಬಳ ಬಂದಿದೆ ಎನ್ನಿ. ಹಿಂದಿನ ಸಂಬಳದ ವಿವರ ಕೊಡದಿದ್ದರೆ ಎರಡನೆಯ ಕಂಪನಿ ತಾನು ಕೊಟ್ಟ 8 ಲಕ್ಷವನ್ನಷ್ಟೇ ನೋಡಿ, 12 ಲಕ್ಷದೊಳಗಿದೆಯೆಂದು ತೆರಿಗೆಯನ್ನೇ ಹಿಡಿಯುವುದಿಲ್ಲ. ನಿಜವಾದ ಆದಾಯ 14.5 ಲಕ್ಷ. ಸಂಬಳದಾರರ 75,000 ಕಡಿತ ಕಳೆದರೆ 13.75 ಲಕ್ಷ. ಅದಕ್ಕೆ ತೆರಿಗೆ 86,250, ಶೇ. 4ರ ಸೆಸ್ ಸೇರಿದರೆ 89,700. ಮೊದಲ ಕಂಪನಿ ಹಿಡಿದದ್ದನ್ನು ಕಳೆದು ಉಳಿದದ್ದನ್ನು ರಿಟರ್ನ್ ಸಲ್ಲಿಸುವಾಗ ಬಡ್ಡಿ ಸಮೇತ ಒಟ್ಟಿಗೆ ಕಟ್ಟಬೇಕಾಗುತ್ತದೆ. ಹೊಸ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿಯೇ ಹಳೆಯ ಸಂಬಳದ ವಿವರವನ್ನು ಲೆಕ್ಕ ವಿಭಾಗಕ್ಕೆ ಕೊಟ್ಟುಬಿಡಿ. ಷೇರು ಮಾರಿದ ಲಾಭಕ್ಕೆ 12 ಲಕ್ಷದ ರಿಯಾಯಿತಿ ಅನ್ವಯಿಸುವುದಿಲ್ಲ ಎಂಬುದೂ ನೆನಪಿರಲಿ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ವಾರ್ಷಿಕ ಮಾಹಿತಿ ಪಟ್ಟಿ ಇರುತ್ತದೆ. ಬ್ಯಾಂಕ್ ಬಡ್ಡಿ, ಷೇರು, ಉಳಿತಾಯ ಖಾತೆಗೆ ವರ್ಷದಲ್ಲಿ ಕಟ್ಟಿದ 10 ಲಕ್ಷ ದಾಟಿದ ನಗದು ಎಲ್ಲವೂ ಅಲ್ಲಿ ಕಾಣುತ್ತವೆ. ರಿಟರ್ನ್ ತುಂಬುವ ಮೊದಲು ಅದನ್ನು ತೆರೆದು ನೋಡಿ.

ಮತ್ತೆ ಆ ನಾಲ್ಕು ಮಡಿಕೆಯ ಕಾಗದಕ್ಕೆ ಬರುತ್ತೇನೆ. ನೋಟಿಸ್ ಎಂದರೆ ತೀರ್ಪಲ್ಲ, ‘ಇದಕ್ಕೆ ನಿಮ್ಮ ಉತ್ತರವೇನು’ ಎಂಬ ಪ್ರಶ್ನೆ. ಉತ್ತರ ಕೊಡದೆ ಬಿಟ್ಟರೆ ಇಲಾಖೆಯ ಕೈಯಲ್ಲಿರುವ ಅಂಕಿಯೇ ಸತ್ಯವಾಗಿ ಆದೇಶ ಹೊರಬೀಳುತ್ತದೆ. ಆಮೇಲೆ ಮೂರು ತಿಂಗಳೊಳಗೆ ಮೇಲ್ಮನವಿ ಹೋಗಬೇಕು, ಅದಕ್ಕೆ ವಿವಾದಿತ ತೆರಿಗೆಯ ಶೇ. 10ರಷ್ಟನ್ನು ಮೊದಲೇ ಕಟ್ಟಬೇಕು. ಉತ್ತರ ಬರೆಯುವ ಮೊದಲು ನೋಟಿಸ್ ಅಸಲಿಯೇ ಎಂದು ನೋಡಿಕೊಳ್ಳಿ. ಅದರ ಮೇಲಿನ ಉಲ್ಲೇಖ ಸಂಖ್ಯೆಯನ್ನು ಇಲಾಖೆಯ ಪೋರ್ಟಲ್‌ನಲ್ಲಿ ಹಾಕಿದರೆ ತಿಳಿಯುತ್ತದೆ. ಫೋನ್ ಮಾಡಿ ‘ಇಷ್ಟು ಕಳುಹಿಸಿ, ಮುಗಿಸಿಬಿಡುತ್ತೇವೆ’ ಎನ್ನುವವರಿಗೆ ಬಿಡಿಗಾಸೂ ಕೊಡಬೇಡಿ.

ಇವರ ಉತ್ತರ ಒಂದೂವರೆ ಪುಟವಾಯಿತು. ಮಾರಾಟವಲ್ಲದ 5.3 ಲಕ್ಷದ ಪಟ್ಟಿ, ಅದಕ್ಕೆ ಗುರುತು ಹಾಕಿದ ಬ್ಯಾಂಕ್ ವಿವರ, ಹಾಲಿನ ಚೀಟಿಗಳಿಂದ ತಿಂಗಳುವಾರು ಕೂಡಿಸಿದ ಮೊತ್ತ, ಇದ್ದಷ್ಟು ಖರೀದಿ ಬಿಲ್ಲುಗಳ ಪ್ರತಿ, ನೋಂದಣಿಗೆ ಅರ್ಜಿ ಹಾಕಿದ ಸ್ವೀಕೃತಿ. ನಗದು ವ್ಯಾಪಾರವನ್ನೂ ಮುಚ್ಚಿಡದೆ ಬರೆದೆವು. ಅದನ್ನು ಬರೆಯುವಾಗ ಅವರು ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ ಸಹಿ ಹಾಕಿದರು.

ಈಗ ಅಂಗಡಿಯ ಹೆಸರಿನಲ್ಲಿ ಚಾಲ್ತಿ ಖಾತೆ ಇದೆ, ಭರಣಿಯ ಮೇಲಿನ ಕ್ಯೂಆರ್ ಅದಕ್ಕೆ ಮಾತ್ರ ಜೋಡಣೆಯಾಗಿದೆ. ಚೀಟಿಯ ಹಣ, ಮಗನ ಹಣ ಹಳೆಯ ಖಾತೆಗೆ ಹೋಗುತ್ತವೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇನ್ನೂರು ಪುಟದ ಉದ್ದ ನೋಟ್ ಪುಸ್ತಕ. ರಾತ್ರಿ ಬಾಗಿಲು ಎಳೆಯುವ ಮೊದಲು ಅದರಲ್ಲಿ ನಾಲ್ಕು ಅಂಕಿ ಬರೆಯುತ್ತಾರೆ: ಯುಪಿಐ, ನಗದು, ಅದರಲ್ಲಿ ಹಾಲು-ಹಣ್ಣು-ಬ್ರೆಡ್ಡು ಎಷ್ಟು, ಆ ದಿನದ ಖರೀದಿ ಎಷ್ಟು. ಬಿಲ್ಲುಗಳು ಈಗಲೂ ಮೊಳೆಯ ಮೇಲಿನ ದಾರದಲ್ಲಿಯೇ, ತಿಂಗಳಿಗೊಂದು ದಾರ. ವಾರ್ಷಿಕ ರಿಟರ್ನಿನ ಗಡುವು ಮುಗಿದ ಮೇಲೂ 72 ತಿಂಗಳು ಇವನ್ನು ಇಟ್ಟುಕೊಳ್ಳಬೇಕು ಎಂದು ಹೇಳಿದಾಗ, ಅವರ ಮನೆಯವರು ಒಳಗಿನಿಂದ ಇನ್ನೊಂದು ಮೊಳೆ ತಂದರು.